ಚಟ್ನಿ ಪಾಕೀಟಿನ ಮೇಲೆ ಯಾರ ಕೈಬರಹ?

ಪುಣೆಯ ಸಾಂಗವಿ ಕಡೆ ವಿಜಯಪುರ ಜಿಲ್ಲೆಯಿಂದ ಬಂದ ಒಬ್ಬ ಅಕ್ಕಾರು ಇದ್ದಾರೆ. ಮನೆಯಲ್ಲೇ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ ಮಾಡಿ ಮಾರುತ್ತಾರೆ. ಹೆಸರು ಹಾಕಬೇಡ ಅಂದಿದ್ದಾರೆ, ಹಾಗಾಗಿ ಇಲ್ಲಿ ಅಕ್ಕಾರು ಅಂತಲೇ ಇರಲಿ. ನಾನು ಇದೇ ಊರಿನಲ್ಲಿ ಡಿಸೈನ್ ಕೆಲಸ ಮಾಡುತ್ತೇನೆ. ಅವರ ಲೇಬಲ್ ಸರಿಮಾಡಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ನೋಡಲು ಅಂಗೈ ಅಗಲದ ಸ್ಟಿಕರ್, ಅಷ್ಟೇ. ಆದರೆ ಕೈಬರಹದ ಫಾಂಟ್ ಈಗ ಯಾಕೆ ಎಲ್ಲಿ ನೋಡಿದರೂ ಇದೆ, ಅದು ಎಲ್ಲಿ ಕೈಕೊಡುತ್ತದೆ, ಕನ್ನಡಕ್ಕೆ ಅದು ಬಂದಾಗ ಏನೇನು ಎಡವಟ್ಟಾಗುತ್ತದೆ ಅನ್ನುವುದೆಲ್ಲ ಆ ಒಂದೇ ಸ್ಟಿಕರಿನಲ್ಲಿ ಸಿಕ್ಕಿತು. ಅದಕ್ಕೇ ಪೂರ್ತಿ ಬರೆದಿಡುತ್ತಿದ್ದೇನೆ.

ಮೊದಲಿದ್ದ ಲೇಬಲ್

ಮೊದಲ ಲೇಬಲ್ ಮಾಡಿದ್ದು ಅಕ್ಕಾರ ಮಗ. ಕಾಲೇಜು ಹುಡುಗ, ಫೋನಿನಲ್ಲೇ ಒಂದು ಸಂಜೆ ಕೂತು ಮಾಡಿದ್ದ. ಇಂಗ್ಲಿಷ್ ಹೆಸರು ಬ್ರಷ್‌ನಲ್ಲಿ ಬರೆದಂತಹ ಫಾಂಟಿನಲ್ಲಿತ್ತು, ಬಾಲ ಉದ್ದ ಇರುವಂಥದ್ದು. ಮರಾಠಿ ಹೆಸರು 'ಕಲಂ' ಫಾಂಟಿನಲ್ಲಿ. ಅಹಮದಾಬಾದಿನ ಇಂಡಿಯನ್ ಟೈಪ್ ಫೌಂಡ್ರಿಯವರು ಮಾಡಿದ, ದೇವನಾಗರಿಗೂ ಇಂಗ್ಲಿಷಿಗೂ ಆಗುವ ಕೈಬರಹದ ಫಾಂಟ್ ಅದು. ಪುಕ್ಕಟೆ ಸಿಗುತ್ತದೆ, ಓದಲೂ ಚೆನ್ನಾಗಿದೆ, ಪುಣೆಯ ಡಬ್ಬಾವಾಲಿಗಳ ಪೋಸ್ಟರಿನಿಂದ ಹಿಡಿದು ಯೋಗ ಕ್ಲಾಸಿನ ಬ್ಯಾನರಿನವರೆಗೆ ಕಾಣಿಸುತ್ತದೆ. ಕನ್ನಡ ಮಾತ್ರ ಫೋನ್ ತಾನಾಗಿ ಕೊಟ್ಟ ಸಾದಾ ಅಕ್ಷರದಲ್ಲೇ ಉಳಿದಿತ್ತು. ಅಂದರೆ ಅಕ್ಕಾರ ಸ್ವಂತ ಭಾಷೆಯೇ ಆ ಲೇಬಲ್ಲಿನಲ್ಲಿ ಸರಕಾರಿ ನೋಟಿಸಿನ ಥರ ಕಾಣುತ್ತಿತ್ತು.

ಇದಿಷ್ಟೇ ಆಗಿದ್ದರೆ ನಡೆದುಹೋಗುತ್ತಿತ್ತು. ಹುಡುಗ ಉತ್ಸಾಹದಲ್ಲಿ ಸಾಮಗ್ರಿ, ತೂಕ, ವಿಳಾಸ, ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರು, ತಯಾರಿಸಿದ ತಾರೀಖು ಎಲ್ಲವನ್ನೂ ಅದೇ ಕೈಬರಹದ ಇಂಗ್ಲಿಷ್ ಫಾಂಟಿನಲ್ಲಿ ಹಾಕಿಬಿಟ್ಟಿದ್ದ. ಅಕ್ಷರವೋ ಸಾಸಿವೆ ಗಾತ್ರ. 1 ಯಾವುದು, 7 ಯಾವುದು ಅಂತ ಗೊತ್ತಾಗುತ್ತಿರಲಿಲ್ಲ. ಪಿಂಪಳೆ ಗುರವದ ಒಬ್ಬ ಅಂಗಡಿಯವರು ತಾರೀಖು ಓದಲು ಆಗುವುದಿಲ್ಲ ಅಂತ ಒಂದು ಚೀಲ ಪೂರ್ತಿ ವಾಪಸ್ ಕಳಿಸಿದರು. ಅವರದ್ದೇನೂ ತಪ್ಪಿಲ್ಲ, ತಪಾಸಣೆಗೆ ಬಂದವರು ಕೇಳುವುದು ಅವರನ್ನೇ ಅಲ್ವಾ.

ಇನ್ನೊಂದು ತಕರಾರು ಗಿರಾಕಿಗಳಿಂದಲೇ ಬಂತು. ಅಗಸಿ ಚಟ್ನಿ, ಗುರೆಳ್ಳು ಚಟ್ನಿ ಎರಡೂ ಕಪ್ಪಗಿನ ಪುಡಿ. ಪಾರದರ್ಶಕ ಪಾಕೀಟಿನೊಳಗೆ ಎಣ್ಣೆ ಬಿಟ್ಟುಕೊಂಡ ಮೇಲೆ ಮಾಡಿದವರಿಗೂ ಗುರುತು ಹಿಡಿಯುವುದು ಕಷ್ಟ. ಮರಾಠಿಯವರು ಅಗಸಿಗೆ ಜವಸ ಅನ್ನುತ್ತಾರೆ, ಗುರೆಳ್ಳಿಗೆ ಕಾರಳೆ. ಲೇಬಲ್ಲಿನಲ್ಲಿ ಎಲ್ಲಕ್ಕಿಂತ ದೊಡ್ಡದಾಗಿದ್ದದ್ದು ಬಾಲದ ಇಂಗ್ಲಿಷ್. ಅದರಲ್ಲಿ 'ಅಗಸಿ', 'ಗುರೆಳ್ಳು' ಎರಡೂ ದೂರದಿಂದ ಒಂದೇ ಗೀಚಿನ ಹಾಗೆ ಕಾಣುತ್ತಿದ್ದವು. ಡಾಕ್ಟರು ಅಗಸಿ ತಿನ್ನಿ ಅಂದಿದ್ದಕ್ಕೆ ತಗೊಂಡು ಹೋದವರು ಮನೆಗೆ ಹೋಗಿ ಬಿಚ್ಚಿದರೆ ಗುರೆಳ್ಳು.

ಅಕ್ಕಾರಿಗೆ ಏನು ಬೇಕಿತ್ತು

ನಾನು ಮೊದಲಿಗೆ ಸೀದಾ ಸರಳ ಫಾಂಟಿನಲ್ಲಿ ಒಂದು ಮಾದರಿ ತೋರಿಸಿದೆ. ಅಕ್ಕಾರು ಕನ್ನಡಕ ಹಾಕಿಕೊಂಡು ನೋಡಿದರು. "ಚಲೋ ಐತಿ ತಮ್ಮಾ, ಎಲ್ಲಾ ಓದಾಕ ಬರತೈತಿ. ಆದ್ರ ಇದು ಕಂಪನಿ ಮಾಲಿನ ಹಂಗ ಕಾಣತೈತಿ. ಮನಿಯಾಗ ಮಾಡಿದ್ದು ಅಂತ ಕಾಣಬೇಕಲ್ಲ."

ಮಾತು ಸರಿಯೇ. ಯಾಕೆಂದರೆ ಕೈಬರಹದ ಅಕ್ಷರ ಮಾಡುವ ಕೆಲಸ ಅದೇ. ಇದರ ಹಿಂದೆ ಒಬ್ಬ ಮನುಷ್ಯ ಇದ್ದಾನೆ, ಮಷಿನ್ ಅಲ್ಲ ಅಂತ ಒಂದು ಮಾತೂ ಆಡದೆ ಹೇಳುತ್ತದೆ. ಅಚ್ಚಿನ ಲೋಕಕ್ಕೆ ಈ ಆಸೆ ಹೊಸದಲ್ಲ. 1501ರಲ್ಲಿ ವೆನಿಸ್‌ನ ಮುದ್ರಕ ಆಲ್ಡಸ್ ಮನುಷಿಯಸ್ ಇಟಾಲಿಕ್, ಅಂದರೆ ಓರೆ ಅಕ್ಷರದಲ್ಲಿ ಪುಸ್ತಕ ಅಚ್ಚು ಹಾಕಿದಾಗ ಅದು ಆ ಕಾಲದ ಓದುಬರಹದವರ ಓಟದ ಕೈಬರಹವನ್ನು ನೋಡಿ ಕೊರೆದದ್ದಾಗಿತ್ತು. 1942ರಲ್ಲಿ ಅಮೆರಿಕದಲ್ಲಿ ಬ್ರಷ್ ಸ್ಕ್ರಿಪ್ಟ್ ಅನ್ನುವ ಫಾಂಟ್ ಬಂತು. 1953ರಲ್ಲಿ ಫ್ರಾನ್ಸಿನ ರೋಜರ್ ಎಕ್ಸ್‌ಕೋಫನ್ ತನ್ನ ಕೈಬರಹವನ್ನೇ ಹಿಡಿದು ಮಿಸ್ಟ್ರಲ್ ಮಾಡಿದ. ಎಲ್ಲರೂ ಬೈಯುವ ಕಾಮಿಕ್ ಸಾನ್ಸ್ 1994ರದ್ದು, ಮೈಕ್ರೋಸಾಫ್ಟ್‌ನಲ್ಲಿದ್ದ ವಿನ್ಸೆಂಟ್ ಕೊನೇರ್ ಅವರ ಕೈಯದ್ದು. ಇನ್ನು ನಮ್ಮದನ್ನೇ ನೋಡಿ, 1843ರಲ್ಲಿ ಬಂದ ಮಂಗಳೂರ ಸಮಾಚಾರ ಅಚ್ಚಾಗಿದ್ದು ಕಲ್ಲಚ್ಚಿನಲ್ಲಿ. ಮೊಳೆ ಜೋಡಿಸಿದ್ದಲ್ಲ, ಬರೆದದ್ದೇ ಕಲ್ಲಿನಿಂದ ಕಾಗದಕ್ಕೆ ಇಳಿದದ್ದು. ಕನ್ನಡದ ಮೊದಲ ಪತ್ರಿಕೆಯ ಓದುಗರು ಓದಿದ್ದೇ ಕೈಬರಹ.

2010ರಲ್ಲಿ ಗೂಗಲ್ ಫಾಂಟ್ಸ್ ಶುರುವಾದ ಮೇಲೆ ಈ ಥರದ ಫಾಂಟುಗಳು ಪುಕ್ಕಟೆ ಸಿಗತೊಡಗಿದವು. ಲಗ್ನಪತ್ರಿಕೆ, ಕೆಫೆ ಮೆನು, ಸೋಪಿನ ಡಬ್ಬಿ, ಎಲ್ಲ ಕಡೆ ಕೈಬರಹ. ಇಲ್ಲೇ ಸಮಸ್ಯೆ ಶುರುವಾಗಿದ್ದು ಅಂತ ನನಗನಿಸುತ್ತದೆ. ಅಕ್ಕಾರ ಪಾಕೀಟು ಇಡುವ ಅಂಗಡಿಯ ಅದೇ ಶೆಲ್ಫಿನಲ್ಲಿ ದೊಡ್ಡ ಕಂಪನಿಗಳ ಉಪ್ಪಿನಕಾಯಿ, ತುಪ್ಪ, ಮಸಾಲೆ ಇದ್ದವು. ಅವುಗಳ ಮೇಲೂ 'ಅಜ್ಜಿ ಮಾಡಿದ್ದು' ಅನ್ನುವ ಧಾಟಿಯ ಕೈಬರಹವೇ. ಕಾರ್ಖಾನೆಯ ಮಾಲು ಮನೆಯದ್ದಾಗಿ ಕಾಣಲಿ ಅಂತ ಅವರು ಯಾವ ಫಾಂಟ್ ಹಾಕುತ್ತಾರೋ, ನಿಜಕ್ಕೂ ಮನೆಯಲ್ಲಿ ಮಾಡಿದವರು ಅದನ್ನೇ ಹಾಕಿದರೆ ಇವರದ್ದೇ ಕಾರ್ಖಾನೆಯದ್ದಾಗಿ ಕಾಣುತ್ತದೆ. ಅಕ್ಕಾರ ಮಗನ ಲೇಬಲ್ಲಿಗೆ ಆಗಿದ್ದು ಇದೇ. ಅಂಗಡಿಯವರು ಅದನ್ನು ಯಾವುದೋ ಮುಂಬೈ ಕಂಪನಿಯ ಅಗ್ಗದ ಮಾಲು ಅಂದುಕೊಂಡಿದ್ದರಂತೆ.

ಕನ್ನಡಕ್ಕೆ ಫಾಂಟ್ ಹುಡುಕಿದ್ದು

ಆದರೂ ಒಂದು ಕೈ ನೋಡೋಣ ಅಂತ ಕನ್ನಡದಲ್ಲಿ ಏನೇನಿದೆ ಅಂತ ಹುಡುಕಿದೆ. ತೀರಾ ಬರಗಾಲ ಅಲ್ಲ, ಆದರೆ ಇಂಗ್ಲಿಷಿನ ರಾಶಿಯ ಮುಂದೆ ಏನೂ ಅಲ್ಲ. 'ನವಿಲು' ಅನ್ನುವ ಮುಕ್ತ ಫಾಂಟ್ ಇದೆ, ಕೈಬರಹದ್ದೇ. 'ಹುಬ್ಬಳ್ಳಿ' ಅಂತ ಒಂದಿದೆ, ಒಂದೇ ದಪ್ಪದ ಗೆರೆಯ ಸಲೀಸಾದ ಅಕ್ಷರ, ಪೂರ್ತಿ ಕೈಬರಹ ಅಲ್ಲದಿದ್ದರೂ ಬಿಗಿಯಿಲ್ಲ. 'ಅಕಾಯ ಕನಡಕ' ಗತ್ತಿನದ್ದು, ಪೋಸ್ಟರಿಗೆ ಸರಿ, ಚಟ್ನಿಗೆ ಯಾಕೋ ಜಾಸ್ತಿಯಾಯಿತು. ಮುಂಬೈಯ ಏಕ್ ಟೈಪ್‌ನವರ 'ಬಲೂ ತಮ್ಮ' ಗುಂಡಗೆ ಮುದ್ದಾಗಿದೆ, ಮಕ್ಕಳ ತಿಂಡಿಗೆ ಹೇಳಿಮಾಡಿಸಿದಂತಿದೆ. (ಮಹಾರಾಷ್ಟ್ರದಲ್ಲಿ ಕನ್ನಡ ಅಕ್ಷರ ತಯಾರಾಗುವುದು ಹೊಸದೇನಲ್ಲ ಬಿಡಿ. ವಿಂಡೋಸ್‌ನಲ್ಲಿ ನಾವು ವರ್ಷಗಟ್ಟಲೆ ನೋಡಿದ 'ತುಂಗಾ' ಮುಂಬೈಯ ಆರ್. ಕೆ. ಜೋಶಿ ಅವರ ಉಸ್ತುವಾರಿಯಲ್ಲಿ ಆಗಿದ್ದು. ಪುಣೆ ಪ್ರೆಸ್ಸುಗಳಲ್ಲಿ ಈಗಲೂ ಓಡುವ ಶ್ರೀಲಿಪಿ ಸಾಫ್ಟ್‌ವೇರ್ ಪುಣೆಯದ್ದೇ.)

ಯಾಕೆ ಇಷ್ಟು ಕಡಿಮೆ ಅಂದರೆ ಕೆಲಸ ಅಷ್ಟು ಜಾಸ್ತಿ. ಇಂಗ್ಲಿಷಿಗೆ ದೊಡ್ಡಕ್ಷರ, ಸಣ್ಣಕ್ಷರ ಸೇರಿ 52 ಬರೆದರೆ ಅರ್ಧ ಕೆಲಸ ಮುಗಿಯಿತು. ಕನ್ನಡದಲ್ಲಿ 34 ವ್ಯಂಜನ, ಪ್ರತಿಯೊಂದಕ್ಕೂ ಕಾಗುಣಿತ, ಪ್ರತಿಯೊಂದಕ್ಕೂ ಒಂದು ಒತ್ತು. ಗುಣಿತ ಸೇರಿದಾಗ ಅಕ್ಷರದ ತಲೆಯೇ ಬದಲಾಗುತ್ತದೆ, ಕ ಬೇರೆ, ಕಿ ಬೇರೆ. ಕಂಪ್ಯೂಟರಿನಲ್ಲಿ ಎಲ್ಲ ಲಿಪಿಗೂ ನಂಬರು ಕೊಡುವ ಯೂನಿಕೋಡಿನಲ್ಲಿ ಕನ್ನಡಕ್ಕೆ ಕೊಟ್ಟಿರುವುದು 128 ಮನೆ, ಅದರಲ್ಲಿ ಒತ್ತಕ್ಷರಕ್ಕೆ ಬೇರೆ ಮನೆ ಇಲ್ಲ. ಯಾವ ಅಕ್ಷರದ ಕೆಳಗೆ ಯಾವ ಒತ್ತು ಹೇಗೆ ಕೂರಬೇಕು ಅನ್ನುವ ನಿಯಮವನ್ನೆಲ್ಲ ಫಾಂಟ್ ಮಾಡುವವರೇ ಒಳಗೆ ಬರೆದಿಡಬೇಕು. ಹಾಗಾಗಿ ಸಾಧಾರಣ ಕನ್ನಡ ಫಾಂಟಿಗೇ ನೂರಾರು ಆಕಾರ ಬೇಕು.

ಕೈಬರಹ ಅಂದರೆ ಅದೂ ಸಾಲದು. ನಿಜವಾದ ಕೈ ಒಂದೇ ಅಕ್ಷರವನ್ನು ಎರಡು ಸಲ ಒಂದೇ ಥರ ಬರೆಯುವುದಿಲ್ಲ. 'ಉತ್ತರ ಕರ್ನಾಟಕ' ಅಂತ ಈ ಫಾಂಟುಗಳಲ್ಲಿ ಟೈಪ್ ಮಾಡಿ ದೊಡ್ಡದು ಮಾಡಿ ನೋಡಿದೆ. ಮೊದಲಿನ ಕ, ಕೊನೆಯ ಕ ಎರಡೂ ಒಂದೇ ತಟ್ಟೆಯಲ್ಲಿ ಬೆಂದ ಇಡ್ಲಿಯ ಹಾಗೆ. ಕಣ್ಣಿಗೆ ಹೆಸರಿಟ್ಟು ಹೇಳಲು ಬರದಿದ್ದರೂ ಅದು ಗೊತ್ತಾಗುತ್ತದೆ, ಏನೋ ಸುಳ್ಳು ಅನಿಸುತ್ತದೆ. ಇಂಗ್ಲಿಷಿನ 'ಕ್ಯಾವಿಯಾಟ್' ಥರದ ಫಾಂಟುಗಳು ಇದಕ್ಕೆ ಉಪಾಯ ಮಾಡಿವೆ, ಪದದೊಳಗೆ ಅಕ್ಷರ ಎಲ್ಲಿ ಬಂತು ಅನ್ನುವುದನ್ನು ನೋಡಿ ರೂಪವನ್ನು ಸ್ವಲ್ಪ ಬದಲಿಸುತ್ತವೆ. ಕನ್ನಡದ ನೂರಾರು ಆಕಾರಕ್ಕೆ ಎರಡೆರಡು ರೂಪ ಬರೆಯುವುದೆಂದರೆ ಯಾರು ದುಡ್ಡು ಕೊಡುತ್ತಾರೆ?

ಫಾಂಟ್ ಬಿಟ್ಟು ವಹಿ ಹಿಡಿದದ್ದು

ದಾರಿ ಸಿಕ್ಕಿದ್ದು ಅವರ ಅಡಿಗೆಮನೆಯಲ್ಲಿ. ಪ್ಲಾಸ್ಟಿಕ್ ಡಬ್ಬಿಗಳ ಮೇಲೆ ಬಿಳಿ ಟೇಪು ಅಂಟಿಸಿ ಮಾರ್ಕರಿನಿಂದ 'ಗುರೆಳ್ಳು', 'ಅಗಸಿ', 'ಶೇಂಗಾ' ಅಂತ ಅಕ್ಕಾರೇ ಬರೆದಿದ್ದರು. ಎಣ್ಣೆ ಕೈ ತಾಗಿ ಅಲ್ಲಲ್ಲಿ ಮಸಿ ಹರಡಿತ್ತು. ಎಷ್ಟು ಚೆಂದ ಅಂದರೆ, ಆ ಡಬ್ಬಿಗಳನ್ನೇ ಅಂಗಡಿಯಲ್ಲಿಡಬಹುದಿತ್ತು.

ಹತ್ತಿರದಿಂದ ನೋಡಿದಾಗ ಒಂದು ಮಜಾ ಕಂಡಿತು. ಅಕ್ಕಾರ ತಲಕಟ್ಟುಗಳು ಒಂದಕ್ಕೊಂದು ಕೂಡಿಕೊಂಡಿದ್ದವು, ಮರಾಠಿಯ ಮೇಲ್ಗೆರೆಯ ಹಾಗೆ. ಪುಣೆಗೆ ಬಂದ ಮೇಲೆ ಲೆಕ್ಕದ ವಹಿಯಲ್ಲಿ ಅರ್ಧ ಕನ್ನಡ, ಅರ್ಧ ಮರಾಠಿ ಬರೆದೂ ಬರೆದೂ ಕೈ ಹಾಗೆ ತಿರುಗಿಬಿಟ್ಟಿದೆ. 'ಗುರೆಳ್ಳು' ಬರೆಯುವಾಗ ಳು ಪೂರ್ತಿ ಮುಗಿಸಿ, ಆಮೇಲೆ ಪೆನ್ನು ಎತ್ತಿ ಹಿಂದಕ್ಕೆ ಬಂದು ಕೆಳಗೆ ಒತ್ತು ಹಾಕುತ್ತಾರೆ. ಅವಸರದಲ್ಲಿ ಆ ಒತ್ತು ಮುಂದಿನ 'ಚಟ್ನಿ'ಯ ಚ ಕೆಳಗೆ ಹೋಗಿ ಕೂತಿರುತ್ತದೆ. ಯಾವ ಫಾಂಟಿನ ಒತ್ತೂ ತನ್ನ ಜಾಗ ಬಿಟ್ಟು ಹೀಗೆ ಪಕ್ಕದ ಮನೆಗೆ ಹೋಗುವುದಿಲ್ಲ. ಅಂಗಡಿಯ ಶೆಲ್ಫಿನಲ್ಲಿದ್ದ ಯಾವ ಕಂಪನಿಯೂ ಕೊಂಡುಕೊಳ್ಳಲಾಗದ್ದು ಇದೊಂದೇ.

ಹಾಗಾಗಿ ಫಾಂಟ್ ಬೇಡ, ಹೆಸರುಗಳನ್ನು ಅಕ್ಕಾರ ಕೈಯಿಂದಲೇ ಬರೆಸೋಣ ಅಂತ ಆಯಿತು. ಇರುವುದೇ ಬೆರಳೆಣಿಕೆಯ ಹೆಸರು, ಅದಕ್ಕೆ ಫಾಂಟ್ ಯಾಕೆ? ಎ4 ಹಾಳೆ, ಮಾರ್ಕರ್ ಕೊಟ್ಟು ಕೂರಿಸಿದೆ. ಅಲ್ಲಿ ಬಂತು ನೋಡಿ ಕಷ್ಟ. ಅಕ್ಕಾರು ಶಾಲೆಯ ಹುಡುಗಿ ಆಗಿಬಿಟ್ಟರು. ಕಾಪಿ ಬರೆಯುವ ಹಾಗೆ ಗುಂಡಗೆ, ಒಂದೊಂದೇ ಅಕ್ಷರ, ತಲಕಟ್ಟು ಬೇರೆ ಬೇರೆ, ಒತ್ತು ನೆಟ್ಟಗೆ ತನ್ನ ಜಾಗದಲ್ಲಿ. "ಡಬ್ಬಿ ಮ್ಯಾಲೆ ಬರದಂಗ ಬರೀರಿ ಅಕ್ಕಾರ" ಅಂದರೆ, "ಅದು ಹೊಲಸ ಅಕ್ಷರ ತಮ್ಮಾ, ಮಂದಿ ನೋಡೂದು ಇದು" ಅಂದರು. ಎಷ್ಟು ಹೇಳಿದರೂ ಅಷ್ಟೇ.

ಕೊನೆಗೆ ಮಗನೇ ಉಪಾಯ ಹೇಳಿದ. ಶನಿವಾರ ರೊಟ್ಟಿ ಆರ್ಡರ್ ಕಟ್ಟುವಾಗ ಚೀಟಿ ಬರೆಯುತ್ತಾರಲ್ಲ, ಆ ಗಡಿಬಿಡಿಯಲ್ಲಿ ಹೆಸರು ಕೂಗಿ ಬರೆಸೋದು. ಒಂದು ಕಡೆ ಫೋನು, ಇನ್ನೊಂದು ಕಡೆ ಕುಕ್ಕರು, ಮಗ "ಅವ್ವಾ, ಗುರೆಳ್ಳು ಚಟ್ನಿ ಎರಡು" ಅಂತ ಕೂಗುತ್ತಾನೆ, ಇವರು ಸರಸರ ಬರೆದು ಎಸೆಯುತ್ತಾರೆ. ಬೇಕಾದದ್ದು ಆ ಚೀಟಿಗಳಲ್ಲಿ ಸಿಕ್ಕಿತು. ಆಮೇಲೆ ಎಲ್ಲ ಮುಂದಿಟ್ಟು ಯಾವುದು ಹಾಕಲಿ ಅಂತ ಕೇಳಿಯೇ ಆರಿಸಿದೆ. ಕದ್ದು ಹಾಕುವ ವಿಷಯ ಅಲ್ಲ ಅದು, ಅವರದ್ದೇ ಕೈ, ಅವರ ಒಪ್ಪಿಗೆ ಬೇಕೇ ಬೇಕು. ಎರಡು ಚೀಟಿಗೆ ಬೇಡ ಅಂದರು. ಉಳಿದದ್ದಕ್ಕೆ ನಕ್ಕು ಹೂಂ ಅಂದರು.

ಚೀಟಿಗಳನ್ನು 600 ಡಿಪಿಐಗೆ ಸ್ಕ್ಯಾನ್ ಮಾಡಿ, ಅಂಚಿನ ಗುಂಟ ಟ್ರೇಸ್ ಮಾಡಿ, ವೆಕ್ಟರ್ ಮಾಡಿಕೊಂಡೆ, ಅಂದರೆ ಎಷ್ಟು ದೊಡ್ಡದು ಮಾಡಿದರೂ ಒಡೆಯದ ಗೆರೆಯ ಚಿತ್ರ. ಇಲ್ಲಿ ಒಂದು ಮಾತು, ಟ್ರೇಸ್ ಮಾಡುವಾಗ ಸಾಫ್ಟ್‌ವೇರ್ ಅಂಚುಗಳನ್ನೆಲ್ಲ ನುಣುಪು ಮಾಡಲು ನೋಡುತ್ತದೆ. ಅದನ್ನು ತಡೆಯಬೇಕು. ಮಾರ್ಕರ್ ಕಾಗದದ ಮೇಲೆ ತಡವರಿಸಿದ ಗುರುತು ಹೋದರೆ ಮತ್ತೆ ಫಾಂಟೇ ಆಗುತ್ತದೆ.

ಉಳಿದ ಅಕ್ಷರ

ಕೈಬರಹ ಹೆಸರಿಗೆ ಮಾತ್ರ ಅಂತ ಮೊದಲೇ ಗೆರೆ ಎಳೆದುಕೊಂಡೆವು. ಎಫ್‌ಎಸ್‌ಎಸ್‌ಎಐ ನಿಯಮದ ಪ್ರಕಾರ ಕಡ್ಡಾಯ ವಿವರಗಳು ಇಂಗ್ಲಿಷಿನಲ್ಲಿ ಇಲ್ಲವೇ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇರಬೇಕು, ಸ್ಪಷ್ಟವಾಗಿ ಓದಲು ಬರಬೇಕು. ಬೇರೆ ಭಾಷೆ ಜೊತೆಗೆ ಹಾಕಿಕೊಳ್ಳಬಹುದು. ಅಕ್ಕಾರ ಯಜಮಾನರಿಗೆ ಬೇರೆಯದೇ ಭಯ. ಮರಾಠಿ ಎಲ್ಲಕ್ಕಿಂತ ದೊಡ್ಡದಿರಬೇಕಲ್ಲ, ಇಲ್ಲಾಂದ್ರ ದಂಡ ಹಾಕ್ತಾರಲ್ಲ ಅಂತ. ಅದು ಅಂಗಡಿ ಬೋರ್ಡಿನ ಮಾತು. 2022ರ ತಿದ್ದುಪಡಿಯ ಪ್ರಕಾರ ಮಹಾರಾಷ್ಟ್ರದಲ್ಲಿ ಅಂಗಡಿಯ ಬೋರ್ಡಿನಲ್ಲಿ ಮರಾಠಿ ದೇವನಾಗರಿಯಲ್ಲಿ ಇರಬೇಕು, ಅದರ ಅಕ್ಷರ ಬೇರೆ ಲಿಪಿಗಿಂತ ಚಿಕ್ಕದಾಗಬಾರದು. ಚಟ್ನಿ ಪಾಕೀಟು ಬೋರ್ಡ್ ಅಲ್ಲ. ಆದರೂ ಕೊಳ್ಳುವವರಲ್ಲಿ ಮರಾಠಿಯವರೇ ಹೆಚ್ಚು, ಹಾಗಾಗಿ ಕನ್ನಡ, ಮರಾಠಿ ಎರಡನ್ನೂ ಸಮ ಗಾತ್ರದಲ್ಲೇ ಇಟ್ಟೆ. ಮರಾಠಿ ಹೆಸರನ್ನೂ ಅಕ್ಕಾರೇ ಬರೆದರು, ಅದೇ ಗಡಿಬಿಡಿಯಲ್ಲಿ.

ಎರಡು ಲಿಪಿ ಮೇಲೆ ಕೆಳಗೆ ಇಟ್ಟಾಗ ಜಗಳ ಶುರು. ಕನ್ನಡದ ಒತ್ತು ಕೆಳಗೆ ಇಳಿಯುತ್ತದೆ, ಮರಾಠಿಯ ಮಾತ್ರೆ (ಅಕ್ಷರದ ತಲೆಯ ಮೇಲೆ ಹಾಕುವ ಸ್ವರದ ಗೀಟು) ಮೇಲೆ ಏರುತ್ತದೆ. 'ಗುರೆಳ್ಳು' ಮೇಲೆ, 'ಕಾರಳೆ' ಕೆಳಗೆ ಇಟ್ಟರೆ ಒತ್ತು ಹೋಗಿ ಮಾತ್ರೆಗೆ ಡಿಕ್ಕಿ. ಅಂತರ ಬಿಟ್ಟರೆ ಸ್ಟಿಕರಿನಲ್ಲಿ ಜಾಗ ಇಲ್ಲ. ಮರಾಠಿಯನ್ನು ಮೇಲೆ ತಂದು ಕನ್ನಡವನ್ನು ಕೆಳಗಿಟ್ಟೆ, ಒತ್ತಿಗೆ ಕಾಲು ಚಾಚಲು ಜಾಗ ಸಿಕ್ಕಿತು. ಸಣ್ಣ ಅಕ್ಷರಕ್ಕೆಲ್ಲ ಏಕ್ ಟೈಪ್‌ನವರ 'ಅನೇಕ್'. ಕನ್ನಡ, ದೇವನಾಗರಿ, ಇಂಗ್ಲಿಷ್ ಮೂರೂ ಒಂದೇ ಕುಟುಂಬದಲ್ಲಿ ಸಿಗುತ್ತವೆ, ಅಗಲವನ್ನೂ ಕಿರಿದು ಮಾಡಬಹುದು. ಇಕ್ಕಟ್ಟಿನ ಲೇಬಲ್ಲಿಗೆ ಇದಕ್ಕಿಂತ ಇನ್ನೇನು ಬೇಕು.

ಇನ್ನು ಅಗಸಿ-ಗುರೆಳ್ಳಿನ ಗೊಂದಲ. ಅದಕ್ಕೆ ಅಕ್ಷರದಿಂದ ಪರಿಹಾರ ಹುಡುಕುವುದೇ ವ್ಯರ್ಥ ಅನಿಸಿತು. ಅಗಸಿಗೆ ನೀಲಿ ಪಟ್ಟಿ, ಅದರ ಹೂವು ನೀಲಿ. ಗುರೆಳ್ಳಿಗೆ ಹಳದಿ, ಅದರ ಹೂವು ಹಳದಿ. ಮುಗಿಯಿತು.

ಪ್ರೆಸ್ಸಿನಲ್ಲಿ

ಪ್ರೆಸ್ಸಿನ ಆಪರೇಟರ್ ಮರಾಠಿ ಹುಡುಗ, ಡಿಸೈನ್ ಸಾಫ್ಟ್‌ವೇರ್ ಆದ ಕೋರೆಲ್‌ಡ್ರಾದಲ್ಲಿ ಕೈ ಚುರುಕು. ಹಳೆಯ ವರ್ಶನ್, ಹಳೆಯ ಅಭ್ಯಾಸ. ಸಾಮಗ್ರಿಯ ಕನ್ನಡ ಸಾಲನ್ನು ಟೆಕ್ಸ್ಟ್ ಆಗಿ ಅಂಟಿಸಿದಾಗ 'ಬೆಳ್ಳುಳ್ಳಿ' ಅಲ್ಲಿ 'ಬೆಳ್‌ಳುಳ್‌ಳಿ' ಆಗಿ ನಿಂತಿತ್ತು. ಓದಲು ಬಾರದ ಲಿಪಿ, ಅವನಿಗೆ ಹೇಗೆ ಗೊತ್ತಾಗಬೇಕು? ಅಂಥದ್ದೇ ಇನ್ನೊಂದು ಸಾಫ್ಟ್‌ವೇರ್ ಇಲಸ್ಟ್ರೇಟರಿನಲ್ಲೂ ಭಾರತೀಯ ಲಿಪಿಯನ್ನು ಜೋಡಿಸುವ ಕಂಪೋಸರ್ ಆನ್ ಮಾಡದಿದ್ದರೆ ಇದೇ ಗತಿ. ಕಳಿಸುವ ಮೊದಲು ಎಲ್ಲ ಅಕ್ಷರವನ್ನು ಗೆರೆಯ ಚಿತ್ರವಾಗಿ, ಅಂದರೆ ಕರ್ವ್ಸ್‌ಗೆ ಬದಲಿಸಿ ಕಳಿಸುವುದೇ ಕ್ಷೇಮ. ಹಾಗೆ ಬದಲಿಸಿ ಮತ್ತೆ ಕಳಿಸಿದೆ. ಅಕ್ಕಾರ ಕೈಬರಹ ಮೊದಲಿನಿಂದಲೂ ಚಿತ್ರವೇ ಆಗಿದ್ದರಿಂದ ಅದಕ್ಕೆ ಏನೂ ಆಗಿರಲಿಲ್ಲ.

ಅಕ್ಕಾರ ಮಗನಿಗೆ ಕಂದು ಕ್ರಾಫ್ಟ್ ಕಾಗದ ಬೇಕಿತ್ತು, ಈಗಿನ ಫ್ಯಾಷನ್ ಅದು. ಅಚ್ಚು ಹಾಕಿ ನೋಡಿದರೆ ನೀಲಿ, ಹಳದಿ ಎರಡೂ ಮಣ್ಣು ಬಣ್ಣ. ಸಣ್ಣ ಅಕ್ಷರ ಕಾಗದದೊಳಗೆ ಮುಳುಗಿದಂತೆ. ಕೊನೆಗೆ ಆಗಿದ್ದು ಮಾಮೂಲಿ ಬಿಳಿ ಗಮ್ಮಿಂಗ್ ಶೀಟ್ (ಹಿಂದೆ ಅಂಟಿರುವ ಕಾಗದ), ಮೇಲೆ ಹೊಳಪಿಲ್ಲದ ಮ್ಯಾಟ್ ಲ್ಯಾಮಿನೇಶನ್, ಹಾಫ್ ಕಟ್ (ಸ್ಟಿಕರನ್ನಷ್ಟೇ ಕತ್ತರಿಸಿ ಹಿಂದಿನ ಕಾಗದ ಬಿಡುವುದು). ಲ್ಯಾಮಿನೇಶನ್ ಬೇಕೇ ಬೇಕು, ಶೇಂಗಾ ಚಟ್ನಿಯ ಎಣ್ಣೆ ಯಾವ ಕಾಗದವನ್ನೂ ಬಿಡುವುದಿಲ್ಲ. ತಾರೀಖನ್ನು ಅಚ್ಚು ಹಾಕಿಸದೆ ಬಿಳಿ ಚೌಕ ಬಿಟ್ಟು, ಅದರಲ್ಲಿ ಲ್ಯಾಮಿನೇಶನ್ ಮೇಲೂ ನಿಲ್ಲುವ ಇಂಕಿನ ಸ್ಟಾಂಪ್ ಹೊಡೆಯುತ್ತಾರೆ.

ಈಗ ಹೇಗಿದೆ

ಪಿಂಪಳೆ ಗುರವದ ಅಂಗಡಿಯವರು ಮಾಲು ಮತ್ತೆ ತಗೊಂಡರು. ಅಗಸಿ-ಗುರೆಳ್ಳು ಅದಲುಬದಲು ನಿಂತಿದೆ, ಅದರ ಶ್ರೇಯ ಕೈಬರಹಕ್ಕಲ್ಲ, ಬಣ್ಣದ ಪಟ್ಟಿಗೆ. ಕೈಬರಹದಿಂದ ಮಾರಾಟ ಹೆಚ್ಚಾಯಿತಾ ಅಂದರೆ ಬರೀ ಅದರಿಂದಲೇ ಅಂತ ಹೇಳಲು ಬರುವುದಿಲ್ಲ, ಅದೇ ಹೊತ್ತಿಗೆ ಹಬ್ಬದ ಸೀಸನ್ನೂ ಬಂದಿತ್ತು. ಕನ್ನಡದವರು ಮಾತ್ರ ಪಾಕೀಟು ಎತ್ತಿ ನೋಡಿ "ಇದನ್ನ ಯಾರು ಬರದಾರ?" ಅಂತ ಕೇಳುತ್ತಾರಂತೆ. ಫಾಂಟ್ ಹಾಕಿದ್ದಾಗ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ಒಂದು ತೊಡಕು ಹಾಗೇ ಇದೆ. ಹೊಸ ಐಟಂ ಬಂದಾಗಲೆಲ್ಲ ಮತ್ತೆ ಬರೆಸಬೇಕು, ಸ್ಕ್ಯಾನ್, ಟ್ರೇಸ್, ಎಲ್ಲ ಮೊದಲಿನಿಂದ. ಮಗನಿಗೆ ಇದು ಕಿರಿಕಿರಿ, ಅವ್ವನ ಅಕ್ಷರದ ಫಾಂಟೇ ಮಾಡಿಬಿಡೋಣ ಅನ್ನುತ್ತಾನೆ. ನನಗೆ ಮನಸ್ಸಿಲ್ಲ. ಮಾಡಿದ ಮರುದಿನ ಅದರಲ್ಲಿ ಬಾಡಿಗೆ ಕರಾರೂ ಬರೆಯಬಹುದು, ಕರೆಂಟ್ ಬಿಲ್ಲಿನ ತಕರಾರೂ ಬರೆಯಬಹುದು, ಆಗ ಅದು ಅಕ್ಕಾರ ಕೈ ಆಗಿ ಉಳಿಯುವುದಿಲ್ಲ.

ಮೊನ್ನೆ ಸಂಕ್ರಾಂತಿಗೆ ಎಳ್ಳು ಹೋಳಿಗೆ, ಸಜ್ಜಿ ರೊಟ್ಟಿಯ ಲೇಬಲ್ ಬೇಕು ಅಂತ ಫೋನ್ ಬಂತು. ಎಳ್ಳು ಹೋಳಿಗೆ ಮಾಡುವುದು ಅಕ್ಕಾರಲ್ಲ, ಚಿಂಚವಡದಲ್ಲಿರುವ ಅವರ ನೆಗೆಣ್ಣಿ. ಹೆಸರು ಯಾರ ಅಕ್ಷರದಲ್ಲಿ ಅಂತ ಕೇಳಿದೆ. "ಮಾಡಾಕಿ ಆಕಿ, ಆಕಿನ ಬರೀಲಿ" ಅಂದರು ಅಕ್ಕಾರು. ನೆಗೆಣ್ಣಿಯವರು ಬಾಲ್‌ಪೆನ್ನಿನಲ್ಲಿ ಬರೆದು ವಾಟ್ಸಾಪಿನಲ್ಲಿ ಫೋಟೋ ಕಳಿಸಿದ್ದಾರೆ, ಗೆರೆ ತೀರಾ ತೆಳು, ಫೋಟೋ ಓರೆ. ಮಾರ್ಕರಿನಲ್ಲಿ ಇನ್ನೊಮ್ಮೆ ಬರೆದು ಕಳಿಸಿ ಅಂತ ಹೇಳಿದ್ದೇನೆ.